ಮರಿ ಮಂಕಾಯ್ತೆಂದು ಲಸಿಕೆ ಬಿಡಬೇಡಿ

ನಮ್ಮ ಶೇಂಗಾ ಚೀಲಗಳು ಇಲಿಯಿಂದ ಉಳಿಯೋದು ಬೆಕ್ಕಿನಿಂದಲೇ. 3 ತಿಂಗಳ ಮರಿಗೆ ರೇಬೀಸ್ ಲಸಿಕೆ ಹಾಕಿಸಿದೆ. ಅಂದೆಲ್ಲ ಮಲಗಿತು, ಹಾಲು ಮುಟ್ಟಲಿಲ್ಲ. 'ಸೂಜಿ ಹಾಕ್ಸಿ ಕೊಂದ್ರಿ' ಎಂದ ಮನೆಯಾಕೆ ಜ್ವರದ ಮಾತ್ರೆ ತೇಯಲು ಹೊರಟಳು. ತಡೆದೆ. ನಮ್ಮ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಒಂದೇ ಮಾತ್ರೆ ಸಾಯಲು ಸಾಕು. ಮರುದಿನ ಮರಿ ತಾನೇ ಎದ್ದು ಹಾಲು ಕುಡಿಯಿತು.

ಒಂದೆರಡು ದಿನದ ಮಂಕು, ಸಣ್ಣ ಜ್ವರ, ಚುಚ್ಚಿದಲ್ಲಿ ಗಂಟು ಮಾಮೂಲು. ನೆರಳು, ನೀರು ಸಾಕು. ಆದರೆ ಮುಖ ಊದಿದರೆ, ಪದೇ ಪದೇ ವಾಂತಿಯಾದರೆ, ಉಸಿರಿಗೆ ಒದ್ದಾಡಿದರೆ ಡಾಕ್ಟರ ಹತ್ರ ಓಡಬೇಕು. ಇದು ಹೆಚ್ಚಾಗಿ ಮೊದಲ ಗಂಟೆಯಲ್ಲೇ ಕಾಣುತ್ತೆ. ಅದಕ್ಕೇ ಸೂಜಿ ಹಾಕಿಸಿ ಅರ್ಧ ಗಂಟೆ ಆಸ್ಪತ್ರೆ ಕಟ್ಟೆ ಮೇಲೇ ಕೂರಿ. ಗಂಟು 3 ತಿಂಗಳಾದರೂ ಕರಗದಿದ್ದರೆ ತೋರಿಸಿ.

ಸೂಜಿ ಹಾಕುವವರು ಇಷ್ಟನ್ನು ಮೊದಲೇ ಹೇಳಬೇಕು. ಹೇಳದಿದ್ದರೆ ನಾವೇ ಕೇಳಬೇಕು. ರೇಬೀಸ್ ಬಂದ ಮೇಲೆ ಮದ್ದಿಲ್ಲ. ಒಂದು ದಿನದ ಮಂಕಿಗೆ ಹೆದರೋದು ಸರಿಯಲ್ಲ.