ಎಳ್ಳಮಾಸಿಯ ಬುತ್ತಿಯಲ್ಲಿ ಒಂದು ಪುಸ್ತಕ

ಡಿಸೆಂಬರ್ ಬಂತೆಂದರೆ ನಮ್ಮ ಗಡಿಭಾಗದ ದವಾಖಾನೆಗಳಲ್ಲಿ ಕೆಮ್ಮು, ದಮ್ಮು, ಕೀಲುನೋವಿನವರ ಸಾಲು ಉದ್ದವಾಗುತ್ತದೆ. ಪ್ರತಿ ವರ್ಷ ಈ ಹೊತ್ತಿಗೆ ಚಳಿಗಾಲದ ಕಾಯಿಲೆಗಳ ಬಗ್ಗೆಯೇ ಬರೆಯುವುದು ವಾಡಿಕೆ. ಓದುಗರು ಕ್ಷಮಿಸಬೇಕು, ಈ ವಾರ ಅದನ್ನು ಬದಿಗಿಟ್ಟು ನಮ್ಮ ಮನೆಯ ಒಂದು ರೂಢಿಯ ವಿಷಯ ಹೇಳುತ್ತೇನೆ.

ಹಿರೋಳ್ಳಿಯ ಕಡೆ ಎಳ್ಳ ಅಮಾವಾಸ್ಯೆಗೆ ಮನೆಯಲ್ಲಿ ಯಾರೂ ಉಳಿಯುವುದಿಲ್ಲವೆಂದು ತಮಗೆ ಗೊತ್ತೇ ಇದೆ. ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಅಂಬಲಿ ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ ನಡೆಯುತ್ತೇವೆ. ಹಸಿ ತೊಗರಿ, ಅವರೆ, ಕಡಲೆ, ಮೆಂತ್ಯ, ಪುಂಡಿ ಎಲ್ಲ ಸೇರಿಸಿ ಕುದಿಸಿದ ಭಜ್ಜಿಯ ಮುಂದೆ ಅಂಗಡಿಯ ಟಾನಿಕ್ಕಿನ ಬಾಟಲಿ ನಾಚಬೇಕು. (ಆದರೆ ಬಸುರಿಯರು ಇದನ್ನೇ ನೆಪ ಮಾಡಿಕೊಂಡು ಕಬ್ಬಿಣಾಂಶದ ಗುಳಿಗೆ ನಿಲ್ಲಿಸಬಾರದು.) ಚರಗ ಚೆಲ್ಲಿ ಊಟ ಮುಗಿದ ಮೇಲೆ ಗಂಡಸರಿಗೆ ನಿದ್ದೆ, ಹೆಂಗಸರಿಗೆ ಮಾತು. ನಮ್ಮ ಮನೆಯವರಿಗೆ ಮಾತ್ರ ಆ ಹೊತ್ತು ಪುಸ್ತಕದ್ದು. ಹಬ್ಬಕ್ಕೆ ಎರಡು ವಾರ ಮೊದಲೇ ಒಂದು ಪುಸ್ತಕ ಆರಿಸಿ ನಾನು ಓದಿ ಮುಗಿಸಿರುತ್ತೇನೆ. ಹೊಲದಲ್ಲಿ ಬೇವಿನ ನೆರಳಿಗೆ ಕುಳಿತು ಅದರ ಹತ್ತಿಪ್ಪತ್ತು ಪುಟ ಎಲ್ಲರಿಗೂ ಕೇಳುವಂತೆ ಓದುತ್ತೇನೆ.

ಇದು ಶುರುವಾದದ್ದು ನಮ್ಮ ತಂದೆಯವರಿಗಾಗಿ. ಅವರಿಗೆ ಓದಲು ಬರುತ್ತಿರಲಿಲ್ಲ, ಕೇಳುವ ಹಸಿವು ಮಾತ್ರ ಬಹಳ. ಮೊದಲ ವರ್ಷ ಒಯ್ದದ್ದು ರಾಶಿಯವರ ಬರಹ. ರಾಶಿ ಎಂದರೆ ಡಾ. ಎಂ. ಶಿವರಾಂ, 1942ರಲ್ಲಿ 'ಕೊರವಂಜಿ' ಹೊರಡಿಸಿ ನಾಡನ್ನು ನಗಿಸಿದವರು, ವೃತ್ತಿಯಿಂದ ವೈದ್ಯರು. ಮನಸ್ಸಿನ ಕಾಯಿಲೆಗಳ ಕುರಿತ ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮುಂದಿನ ವರ್ಷ ಡಾ. ಅನುಪಮಾ ನಿರಂಜನರ 'ತಾಯಿ-ಮಗು'. ಬಾಣಂತನದ ವಿಷಯವನ್ನು ಹೊಲದಲ್ಲಿ ಗಂಡಸರ ಮುಂದೆ ಓದುವುದೇ ಎಂದು ಸೋದರತ್ತೆ ಸೆರಗು ಬಾಯಿಗೆ ಹಿಡಿದಿದ್ದರು. ಸ್ವಲ್ಪ ಹೊತ್ತಿನಲ್ಲಿ ಅವರೇ ಹತ್ತಿರ ಸರಿದು, "ಇನ್ನೊಂದು ಸಲ ಓದು, ಕೇಳಿಸಿಲ್ಲ" ಎಂದರು.

ಈ ರೂಢಿ ಕೇವಲ ಹಬ್ಬದ ಕಾಲಕ್ಷೇಪವಲ್ಲ ಎಂದು ನನಗೆ ಅನ್ನಿಸಿದ್ದು 2019ರಲ್ಲಿ. ಆ ವರ್ಷ ಎಳ್ಳ ಅಮಾವಾಸ್ಯೆ ಕ್ರಿಸ್‌ಮಸ್ಸಿನ ಮರುದಿನ, ಡಿಸೆಂಬರ್ 26ರಂದು ಬಿತ್ತು. ಅಂದೇ ಬೆಳಿಗ್ಗೆ ಸೂರ್ಯಗ್ರಹಣ. ಕಲಬುರಗಿಗೆ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಗ್ರಹಣದ ಹೊತ್ತಿನಲ್ಲಿ ಕೊರಳವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ್ದರು. ಹಾಗೆ ಮಾಡಿದರೆ ಅಂಗವೈಕಲ್ಯ ಹೋಗುತ್ತದೆಂಬ ನಂಬಿಕೆ. ಸುದ್ದಿ ದೇಶವೆಲ್ಲ ಹರಡಿತು, ಎಲ್ಲರೂ ಆ ತಂದೆತಾಯಿಗಳನ್ನು ಬೈದರು.

ನನಗೆ ಬೈಯಲು ಬಾಯಿ ಬರಲಿಲ್ಲ. ಕಾರಣ, ಅದಕ್ಕೆ ಕೆಲವು ತಿಂಗಳ ಹಿಂದೆ ಮೂರು ವರ್ಷದ ಮಗುವನ್ನು ಸೊಂಟದ ಮೇಲೆ ಹೊತ್ತು ತಂದ ತಾಯಿಯೊಬ್ಬಳು ನನಗೆ ಹೀಗೆ ಹೇಳಿದ್ದಳು: "ಸಾಹೇಬ್ರೇ, ಎಲ್ಲಾರೂ ಗುಳಿಗಿ ಬರ್ದು ಕೊಡ್ತಾರ. ಕೂಸಿಗಿ ಏನಾಗ್ಯಾದ ಅಂತ ಯಾರೂ ಹೇಳಿಲ್ರಿ." ಅವಳು ತಂದಿದ್ದ ಚೀಟಿಗಳಲ್ಲಿ ಒಂದು ನನ್ನದೇ ಕೈಬರಹದ್ದು. ಹಿಂದಿನ ವರ್ಷದ್ದು. ಅದರ ಮೇಲೆ 'ಸಿ.ಪಿ.' ಎಂದು ಎರಡು ಅಕ್ಷರ ಗೀಚಿ ಕಳಿಸಿದ್ದೆ. ಹೊರಗೆ ಅರವತ್ತು ಜನ ಕಾಯುತ್ತಿದ್ದರು ಎಂಬುದು ನಿಜ. ಆದರೆ ಅದು ಅವಳಿಗೆ ಉತ್ತರವಲ್ಲ. ವೈದ್ಯ ಬಾಯಿ ಬಿಡದ ಮನೆಯಲ್ಲಿ ಬೇರೆ ಯಾರೋ ಮಾತನಾಡುತ್ತಾರೆ, ಒಮ್ಮೆ ಗ್ರಹಣದ ಮಣ್ಣು ಎನ್ನುತ್ತಾರೆ, ಒಮ್ಮೆ ಮೊಬೈಲಿಗೆ ಬಂದ ಕಷಾಯ ಎನ್ನುತ್ತಾರೆ.

ಅಂದು ಅವಳಿಗೆ ಹೇಳಬೇಕಿದ್ದುದನ್ನು ತಮಗೂ ಹೇಳುತ್ತೇನೆ. ಸೆರೆಬ್ರಲ್ ಪಾಲ್ಸಿ ಎಂಬುದು ಬಸಿರಿನಲ್ಲೋ, ಹೆರಿಗೆಯ ಹೊತ್ತಿನಲ್ಲೋ, ಹುಟ್ಟಿದ ಬಳಿಕವೋ ಎಳೆಯ ಮೆದುಳಿಗೆ ಆದ ಪೆಟ್ಟಿನಿಂದ ಬರುತ್ತದೆ. ಅದು ತಾಯಿಯ ಪಾಪವಲ್ಲ, ಗ್ರಹಚಾರವೂ ಅಲ್ಲ. ಆದ ಪೆಟ್ಟನ್ನು ಅಳಿಸುವ ಔಷಧಿ ಇಲ್ಲ. ಆದರೆ ಬೇಗ ಗುರುತಿಸಿ ವ್ಯಾಯಾಮ ಚಿಕಿತ್ಸೆ ಶುರು ಮಾಡಿದರೆ ಎಷ್ಟೋ ಮಕ್ಕಳು ಕೂಡುವುದನ್ನು, ತಾವೇ ಉಣ್ಣುವುದನ್ನು, ಕೆಲವರು ನಡೆಯುವುದನ್ನೂ ಕಲಿಯುತ್ತಾರೆ. ಮಗುವಿಗೆ ನಾಲ್ಕು ತಿಂಗಳಾದರೂ ಕುತ್ತಿಗೆ ನಿಲ್ಲದಿದ್ದರೆ, ಒಂಬತ್ತು ತಿಂಗಳಿಗೂ ಆಸರೆಯಿಲ್ಲದೆ ಕೂಡದಿದ್ದರೆ, ಒಂದೂವರೆ ವರ್ಷಕ್ಕೂ ನಡೆಯದಿದ್ದರೆ "ನಮ್ಮ ವಂಶದಾಗ ಎಲ್ಲಾರೂ ತಡಾನೇ" ಎಂದು ಕಾಯಬೇಡಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ, ಶಾಲೆಗಳಲ್ಲೇ ಮಕ್ಕಳ ತಪಾಸಣೆ ನಡೆಯುತ್ತದೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ತೋರಿಸುತ್ತಾರೆ. ವೈದ್ಯರು ಅವಸರ ಮಾಡಿದರೆ, ಏನಾಗಿದೆ ಎಂದು ಕನ್ನಡದಲ್ಲಿ ಹೇಳುವವರೆಗೆ ಕುರ್ಚಿ ಬಿಟ್ಟು ಏಳಬೇಡಿ. ನನ್ನೆದುರಿಗೂ ಅಷ್ಟೇ.

ಪುಸ್ತಕ ವೈದ್ಯನ ಬದಲಿ ಎಂದು ನಾನು ಹೇಳುತ್ತಿಲ್ಲ. ಹಳೆಯ ಪುಸ್ತಕಗಳಲ್ಲಿನ ಔಷಧಿಯ ಹೆಸರು, ಪ್ರಮಾಣಗಳನ್ನು ಈಗ ಅನುಸರಿಸುವುದು ಅಪಾಯ. ಲಸಿಕೆಗಳ ಪಟ್ಟಿಯೂ ಆಗಿನದಲ್ಲ. ಆದರೆ ಶರೀರದ ವಿಷಯವನ್ನು ನಾಚಿಕೆ, ಹೆದರಿಕೆ ಬಿಟ್ಟು ಮನೆಮಂದಿಯೆಲ್ಲ ಕೂತು ಕೇಳಿದವರು ದವಾಖಾನೆಗೆ ಬಂದಾಗ ಬೇರೆ ರೀತಿ ಪ್ರಶ್ನೆ ಕೇಳುತ್ತಾರೆ. ನಮ್ಮ ಸೋದರತ್ತೆ ಅನಂತರ ಎರಡು ಬಾಣಂತನ ಮಾಡಿದರು. ಹುಟ್ಟಿದ ಕೂಸಿಗೆ ಜೇನು ನೆಕ್ಕಿಸುವುದನ್ನು ಬಿಟ್ಟು, ಮೊದಲ ಗಿಣ್ಣುಹಾಲನ್ನೇ ಕುಡಿಸಿದರು. ನಾನು ವೈದ್ಯನಾಗಿ ಹತ್ತು ವರ್ಷ ಹೇಳಿದ್ದನ್ನು ಕೇಳದವರು!

ತಂದೆಯವರು ಈಗಿಲ್ಲ. ರೂಢಿ ಮಾತ್ರ ನಿಂತಿಲ್ಲ. ಈ ಸಲದ ಚೀಲಕ್ಕೆ ಅನುಪಮಾ ಅವರದ್ದೇ 'ಕೇಳು ಕಿಶೋರಿ' ಹಾಕಿದ್ದೇನೆ. ತಂಗಿಯ ಮಗಳಿಗೆ ಹದಿಮೂರು ತುಂಬಿದೆ, ಓದುವವಳು ಅವಳೇ. ಮುಜುಗರ ಪಡುವ ಗಂಡಸರು ಆ ಹೊತ್ತಿಗೆ ತೊಗರಿಯ ಸಾಲು ನೋಡಿ ಬರಬಹುದು. ಕೂತು ಕೇಳುತ್ತೇನೆ ಎಂದರೆ ಅವರಿಗೂ ಜಾಗ ಇದೆ.