ಟೆಕ್ ಫೆಸ್ಟ್‌ನಲ್ಲಿ ಚಿಣ್ಣರಿಗೂ ಒಂದು ದಿನ ಬೇಡ್ವಾ?

ಫೆಸ್ಟ್ ಬಂದ್ರೆ ನಮ್ಮ ಮೈದಾನದಲ್ಲಿ ರೋಬೋಗಳು ಗುದ್ದಾಡ್ತವೆ, ಡ್ರೋನ್ ಹಾರುತ್ತೆ. ಪಕ್ಕದ ಅಂಗನವಾಡಿ ಮಕ್ಕಳು ಗೇಟಿನ ಸಂದಿಯಿಂದ ಇಣುಕ್ತಾರೆ. ನಾವು ಅವರ ಹತ್ರ ಹೋಗೋದು ವರ್ಷಕ್ಕೊಮ್ಮೆ, ಪೆನ್ಸಿಲ್ ಹಂಚಿ ಫೋಟೋ ತೆಗೆಸಿಕೊಳ್ಳೋಕೆ. ನಾಚಿಕೆ ಆಗಬೇಕು ನಮಗೆ.

ಅರವಿಂದ ಗುಪ್ತಾ ಕೂಡ ಇಂಜಿನಿಯರೇ. ಐಐಟಿ ಕಾನ್ಪುರದಲ್ಲಿ ಓದಿ, ಪುಣೆಯ ಟೆಲ್ಕೋದಲ್ಲಿ ಕೆಲಸಕ್ಕಿದ್ದವರು 1978ರಲ್ಲಿ ರಜೆ ಹಾಕಿ ಮಧ್ಯಪ್ರದೇಶದ ಹೋಶಂಗಾಬಾದ್ ವಿಜ್ಞಾನ ಕಾರ್ಯಕ್ರಮಕ್ಕೆ ಹೋದರು. ಅಲ್ಲಿ ಅವರ ಕೈಗೆ ಸಿಕ್ಕಿದ್ದು ಸೈಕಲ್ ವಾಲ್ವ್ ಟ್ಯೂಬು, ಬೆಂಕಿಕಡ್ಡಿ. ಟ್ಯೂಬಿನ ತುಂಡಿಗೆ ಎರಡೂ ಕಡೆಯಿಂದ ಮದ್ದು ಕೆರೆದ ಕಡ್ಡಿ ಸಿಕ್ಕಿಸಿದರೆ ಬಗ್ಗುವ ಕೀಲು ರೆಡಿ. ಮೂರು ಕಡ್ಡಿಯ ತ್ರಿಕೋನ ಒತ್ತಿದರೂ ಜಗ್ಗಲ್ಲ. ನಾಲ್ಕರ ಚೌಕ ಮೂಲೆ ತಳ್ಳಿದ ಕೂಡಲೇ ವಾಲುತ್ತೆ. ನಾವು ಟ್ರಸ್ ಅಂತ ಉರು ಹೊಡೆದು ಬರೆದದ್ದು ಇದನ್ನೇ! 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಹಾಗಾಗಿ ನಮ್ಮ ಬೇಡಿಕೆ: ಫೆಸ್ಟ್‌ನ ಒಂದು ದಿನ ಗೇಟು ತೆರೀಲಿ. ಮಕ್ಕಳು ಅಮ್ಮ, ಅಪ್ಪ, ಅಜ್ಜಿ ಜೊತೆ ಬರಲಿ. ಸ್ಟೇಜ್ ಬೇಡ, ಬಹುಮಾನ ಬೇಡ, ಭಾಷಣ ಅಂತೂ ಬೇಡವೇ ಬೇಡ. ಟ್ಯೂಬಿನ ಚೂರು ಪುಟಾಣಿಗಳ ಬಾಯಿಗೆ ಹೋದೀತು. ಕಡ್ಡಿ ಆಟ ಅವರ ಅಕ್ಕ-ಅಣ್ಣಂದಿರಿಗೆ ಇರಲಿ, ಚಿಕ್ಕವರಿಗೆ ಕಾಗದದ ಗಿರಗಟ್ಲೆ, ಮರಳು, ನೀರು ಸಾಕು. ನಾಲ್ಕು ವರ್ಷದ ಮಗುವನ್ನ ಹತ್ತು ನಿಮಿಷ ಹಿಡಿದಿಡೋದು ಹೇಗೆ ಅಂತ ನಮಗೆ ಬರಲ್ಲ, ಅಂಗನವಾಡಿ ಟೀಚರ್‌ಗೆ ಬರುತ್ತೆ. ಆ ದಿನ ಅವರು ಹೇಳಿದ್ದೇ ನಡೀಲಿ. ಅಜ್ಜಿಯರು ಅಳಗುಳಿ ಮಣೆ ತಂದರೆ ನಾವೂ ಕೂತು ಸೋಲೋಣ.

ಬಜೆಟ್ ಎಷ್ಟು ಅಂತ ಕಮಿಟಿಯವರು ಕೇಳೇ ಕೇಳ್ತಾರೆ. ಬೆಂಕಿಪೊಟ್ಟಣ, ಸೈಕಲ್ ಅಂಗಡಿಯ ಟ್ಯೂಬು, ನಮ್ಮದೇ ಹಳೇ ರೆಕಾರ್ಡ್ ಪುಸ್ತಕಗಳು. ಇದಕ್ಕೆ ಸ್ಪಾನ್ಸರ್ ಹುಡುಕೋ ಕೆಲಸವಿಲ್ಲ.