ಪಾಚಿಗೊಂದು ಕಾರಣವಿದೆ
ಕೋಲ್ಕತ್ತದ ಡಮ್ ಡಮ್‌ನಲ್ಲಿ ಪಾಳುಬಿದ್ದಿರುವ ಕ್ಲೈವ್ ಹೌಸ್‌ನ ಇಟ್ಟಿಗೆ ಗೋಡೆಯನ್ನು ಕಂಪ್ಯೂಟರಿನ ತ್ರೀಡಿ ಮಾದರಿಗೆ ತರಬೇಕೆನ್ನಿ. ಫೋಟೋ ತೆಗೆದು ಹೊದಿಸುವುದು ಸುಲಭ. ಆದರೆ ಆ ಹೊತ್ತಿನ ಬಿಸಿಲು, ನೆರಳು ಕೂಡ ಅದರೊಳಗೇ ಉಳಿದುಬಿಡುತ್ತವೆ. ಮಾದರಿಯ ಬೆಳಕು ಬೇರೆ ದಿಕ್ಕಿನಿಂದ ಬಿದ್ದರೆ ಗೋಡೆ ಸುಳ್ಳೆನಿಸುತ್ತದೆ.

ಕೈಯಿಂದ ಬಣ್ಣ ಹಚ್ಚುವವರು ಮೊದಲು ಕಾರಣ ಹುಡುಕಬೇಕು. ನೆಲದ ತೇವ ಇಟ್ಟಿಗೆಯೊಳಗೆ ಏರಿ, ಆರುವಾಗ ಬಿಳಿ ಉಪ್ಪು ಬಿಟ್ಟುಹೋಗುತ್ತದೆ. ನೀರಿಳಿಯುವ, ಬಿಸಿಲು ತಾಗದ ಕಡೆ ಪಾಚಿ ಕಟ್ಟುತ್ತದೆ. ಇದು ತಿಳಿಯದೆ ಎಲ್ಲೆಂದರಲ್ಲಿ ಹಸಿರು ಬಳಿದರೆ ಅದು ಬರೀ ಕಲೆ.

ಬ್ಲೆಂಡರ್, ಕ್ರಿಟಾ ಎರಡೂ ಉಚಿತ. ಅವುಗಳ ಕುಂಚ ಬೇಗ ಕೈಗೆ ಹತ್ತೀತು. ಕಣ್ಣು ಪಳಗಲು ಮಳೆಗಾಲವೊಂದು ಬೇಕು. ಅಷ್ಟು ತಾಳ್ಮೆಯಿಲ್ಲದೆ ಸಿದ್ಧ ಚಿತ್ರಗಳನ್ನೇ ನೆಚ್ಚಿದರೆ, ಆಟಗಳಲ್ಲಿ ಬಂಗಾಳದ ಗೋಡೆಯೂ ಯಾವ ಊರಿನದೂ ಅಲ್ಲದ ಗೋಡೆಯಾಗುತ್ತದೆ.